ಕೊನೆಯ ಸವಾರನ ಲೆಕ್ಕ: ದೂರದ ಸೈಕಲ್ ಯಾತ್ರೆಗಳ ಆಯವ್ಯಯ

ಬೆಂಗಳೂರಿನ ದಕ್ಷಿಣ ಬಡಾವಣೆಗಳಾದ ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿ.ಟಿ.ಎಂ. ಲೇಔಟ್‌ಗಳಲ್ಲಿ ಭಾನುವಾರ ನಸುಕಿನಲ್ಲೇ ಅಂಗಡಿ ತೆರೆಯುವ ಹಾಲಿನವರಿಗೂ ಹೂವಿನವರಿಗೂ ಸೈಕಲ್ ಸವಾರರ ಸಾಲು ಈಗ ಹೊಸ ನೋಟವೇನಲ್ಲ. ತಲೆಗೆ ಹೆಲ್ಮೆಟ್ಟು, ಆಸನದ ಹಿಂದೆ ಮಿನುಗುವ ಕೆಂಪು ದೀಪ, ಬೆನ್ನ ಜೇಬಿನಲ್ಲಿ ಎರಡು ಬಾಳೆಹಣ್ಣು. ಹೀಗೆ ಸಜ್ಜಾದವರು ಕನಕಪುರ ರಸ್ತೆಗೋ ಬನ್ನೇರುಘಟ್ಟ ರಸ್ತೆಗೋ ಹೊರಳಿ, ಊರು ಏಳುವ ಹೊತ್ತಿಗೆ ಐವತ್ತು ಕಿಲೋಮೀಟರು ಮುಗಿಸಿ ಹಿಂದಿರುಗುತ್ತಾರೆ. ಇವರಲ್ಲಿ ಸಾಫ್ಟ್‌ವೇರ್ ಉದ್ಯೋಗಿಗಳು ಹೆಚ್ಚು ಎಂಬುದು ನಿಜವಾದರೂ, ಜವಳಿ ವ್ಯಾಪಾರಿಗಳು, ಔಷಧ ವಿತರಕರು, ಸಣ್ಣ ಕಾರ್ಖಾನೆಗಳ ಮಾಲೀಕರು ಕೂಡ ಕಡಮೆಯೇನಿಲ್ಲ. ಈ ಲೇಖಕನೂ ಅವರಲ್ಲೊಬ್ಬನು.

ಈ ಹವ್ಯಾಸವು ಬೆಳೆದಂತೆ ನನ್ನ ಕಚೇರಿಗೆ ಬರುವ ವ್ಯಾಪಾರಿ ಮಿತ್ರರ ಪ್ರಶ್ನೆಗಳೂ ಬದಲಾಗಿವೆ. “ಮೈಸೂರಿಗೆ ಸೈಕಲ್ ಯಾತ್ರೆ ಮಾಡುತ್ತಾರಂತೆ ಸ್ವಾಮಿ, ಐವತ್ತು ಸಾವಿರ ಪ್ರಾಯೋಜಕತ್ವ ಕೇಳಿದ್ದಾರೆ, ಕೊಟ್ಟರೆ ಖರ್ಚಿಗೆ ಹಾಕಬಹುದೇ?” ಎಂದು ಒಬ್ಬರು ಕೇಳಿದರೆ, “ನಮ್ಮ ಬಡಾವಣೆಯವರೇ ಸೇರಿ ಒಂದು ಯಾತ್ರೆ ಏರ್ಪಡಿಸುತ್ತಿದ್ದೇವೆ, ನೂರು ಜನ ಬಂದರೆ ಲಾಭವೇ ತಾನೆ?” ಎಂದು ಮತ್ತೊಬ್ಬರು ಕೇಳುತ್ತಾರೆ. ಮೊದಲನೆಯ ಪ್ರಶ್ನೆಗೆ ಕಾನೂನಿನ ಉತ್ತರವಿದೆ. ಅದನ್ನು ಮುಂದೆ ನೋಡೋಣ. ಎರಡನೆಯದಕ್ಕೆ ರಸ್ತೆಯ ಮೇಲೆ ನಿಂತು ಲೆಕ್ಕ ಹಾಕಬೇಕಾಗುತ್ತದೆ.

ನೀಲಗಿರಿಯ ಮಾದರಿ

ದೂರದ ಸಾಮೂಹಿಕ ಸೈಕಲ್ ಯಾತ್ರೆ ಎಂದೊಡನೆ ನಮ್ಮ ಭಾಗದಲ್ಲಿ ಮೊದಲು ನೆನಪಾಗುವುದು ‘ಟೂರ್ ಆಫ್ ನೀಲಗಿರೀಸ್’. ಬೆಂಗಳೂರಿನ ಸೈಕಲ್ ಪ್ರಿಯರು ಕಟ್ಟಿದ ರೈಡ್ ಎ ಸೈಕಲ್ ಫೌಂಡೇಷನ್ ಎಂಬ ಲಾಭರಹಿತ ಸಂಸ್ಥೆಯು ಇದನ್ನು 2008ರ ಡಿಸೆಂಬರ್‌ನಲ್ಲಿ ಆರಂಭಿಸಿತು. ಕರ್ನಾಟಕ, ತಮಿಳುನಾಡು, ಕೇರಳ ಈ ಮೂರು ರಾಜ್ಯಗಳ ಗಡಿಗಳು ಕೂಡುವ ನೀಲಗಿರಿ ಜೀವಗೋಲ ಪ್ರದೇಶದಲ್ಲಿ ಎಂಟು ದಿನಗಳ ಕಾಲ ಎಂಟುನೂರಕ್ಕೂ ಮಿಕ್ಕಿದ ಕಿಲೋಮೀಟರುಗಳನ್ನು ತುಳಿಯುವ ಯಾತ್ರೆ ಇದು. ಮಸಿನಗುಡಿಯಿಂದ ಊಟಿಗೆ ಏರುವ ಕಲ್ಹಟ್ಟಿ ಘಟ್ಟದ 36 ಹೇರ್‌ಪಿನ್ ತಿರುವುಗಳು ಈ ಯಾತ್ರೆಯಿಂದಾಗಿ ನಾಡಿನ ಸೈಕಲ್ ಸವಾರರಿಗೆಲ್ಲ ಪರಿಚಿತವಾದುವು. ಆ ಏರಿನಲ್ಲಿ ಸೈಕಲ್ಲು ತಳ್ಳಿಕೊಂಡು ನಡೆದವರು ನಾಚಿಕೆ ಪಡುವುದಿಲ್ಲ, ತುಳಿದೇ ಹತ್ತಿದವರು ಅದನ್ನು ಜನ್ಮವಿಡೀ ಹೇಳಿಕೊಳ್ಳುತ್ತಾರೆ.

ವ್ಯಾಪಾರಿಯ ಕಣ್ಣಿಗೆ ಈ ಯಾತ್ರೆಯಲ್ಲಿ ಗಮನಿಸಬೇಕಾದುದು ಬೇರೆ. ಸಂಘಟಕರು ಸವಾರರ ಸಂಖ್ಯೆಯನ್ನು ಮಿತಿಯಲ್ಲಿಟ್ಟಿದ್ದಾರೆ. ಬರುವವರನ್ನೆಲ್ಲ ಸೇರಿಸಿಕೊಳ್ಳುವುದಿಲ್ಲ, ಅರ್ಜಿ ಪರಿಶೀಲಿಸಿ ಆಯ್ಕೆ ಮಾಡುತ್ತಾರೆ. ಬೇಡಿಕೆ ಇರುವಲ್ಲಿ ಪೂರೈಕೆಯನ್ನು ಹೆಚ್ಚಿಸಬಾರದೇಕೆ ಎಂದು ನಮ್ಮಂಥವರಿಗೆ ಅನ್ನಿಸುವುದು ಸಹಜ. ಇದಕ್ಕೆ ಕಾರಣವೇನೆಂಬುದು ರಸ್ತೆಯ ಮೇಲಿನ ಒಂದು ಸರಳ ಗಣಿತದಿಂದ ತಿಳಿಯುತ್ತದೆ.

ಒಂದು ದಿನದ ದಾರಿ 120 ಕಿ.ಮೀ. ಎಂದಿಟ್ಟುಕೊಳ್ಳೋಣ. ಬೆಳಗ್ಗೆ ಆರಕ್ಕೆ ಎಲ್ಲರೂ ಒಟ್ಟಿಗೆ ಹೊರಟರು. ಮುಂಚೂಣಿಯ ಸವಾರ ಗಂಟೆಗೆ 28 ಕಿ.ಮೀ. ವೇಗದಲ್ಲಿ ಸಾಗಿ ಹತ್ತೂಕಾಲರ ಸುಮಾರಿಗೆ ತಂಗುದಾಣ ಸೇರುತ್ತಾನೆ. ಕೊನೆಯ ಸವಾರ ಗಂಟೆಗೆ 15 ಕಿ.ಮೀ.ನಂತೆ ಬಂದರೆ ಮಧ್ಯಾಹ್ನ ಎರಡು ಗಂಟೆಯಾಗುತ್ತದೆ. ಮೊದಲಿಗನು ಸೈಕಲ್ಲಿನಿಂದ ಇಳಿದ ಕ್ಷಣದಲ್ಲಿ ಕೊನೆಯವನು ಇನ್ನೂ 64ನೆಯ ಕಿಲೋಮೀಟರಿನಲ್ಲಿರುತ್ತಾನೆ. ಅಂದರೆ ತಂಡದ ಉದ್ದ 56 ಕಿ.ಮೀ. ಕನಕಪುರ ಸರ್ಕಲ್ಲಿನಿಂದ ಬನಶಂಕರಿವರೆಗೆ ಎಷ್ಟು ದೂರವೋ ಹೆಚ್ಚುಕಡಮೆ ಅಷ್ಟು ದೂರಕ್ಕೆ ನಮ್ಮ ಗಿರಾಕಿಗಳು ಚೆಲ್ಲಿಹೋಗಿರುತ್ತಾರೆ. ನೀರು, ಪ್ರಥಮ ಚಿಕಿತ್ಸೆ, ಟ್ಯೂಬು-ಪಂಪು ಹೊತ್ತ ಬೆಂಬಲ ವಾಹನ ಒಂದೇ ಇದ್ದರೆ ಅದು ಎಲ್ಲಿರಬೇಕು? ಮುಂದಿದ್ದರೆ ಹಿಂದಿನವನು ಅನಾಥ, ಹಿಂದಿದ್ದರೆ ಮುಂದಿನವನು ಅನಾಥ.

ಆದ್ದರಿಂದ ಇಂತಹ ಯಾತ್ರೆಯ ವೆಚ್ಚವನ್ನು ಸವಾರರ ತಲೆಯೆಣಿಸಿ ಕಟ್ಟುವುದು ತಪ್ಪು ದಾರಿ. ಅದನ್ನು ನಿರ್ಧರಿಸುವವನು ಕೊನೆಯ ಸವಾರ. ಎಷ್ಟು ವಾಹನ, ಎಷ್ಟು ಸ್ವಯಂಸೇವಕರು, ಆಂಬುಲೆನ್ಸು ಎಷ್ಟು ಹೊತ್ತು, ಅಡಿಗೆಯವರು ಎಷ್ಟು ಗಂಟೆಯವರೆಗೆ ಎಂಬುದೆಲ್ಲ ಅವನು ತಲಪುವ ಸಮಯಕ್ಕೆ ಗಂಟುಬಿದ್ದಿದೆ. ಕಾರ್ಖಾನೆಯಲ್ಲಿ ಅತಿ ನಿಧಾನದ ಯಂತ್ರವು ಇಡೀ ಸಾಲಿನ ಉತ್ಪಾದನೆಯನ್ನು ನಿರ್ಧರಿಸುವ ಹಾಗೆಯೇ ಇದು.

ಸಂಖ್ಯೆ ಹೆಚ್ಚಿದರೆ ಲಾಭವೇ?

ಬರಿಯ ಉದಾಹರಣೆಗಾಗಿ ಕೆಲವು ಅಂಕಿಗಳನ್ನು ತೆಗೆದುಕೊಳ್ಳೋಣ. ಎರಡು ದಿನದ ಯಾತ್ರೆಗೆ ತಲಾ 3,000 ರೂಪಾಯಿ ಶುಲ್ಕ. ಊಟ, ವಸತಿ, ಜರ್ಸಿ ಸೇರಿ ತಲಾ 1,200 ರೂಪಾಯಿ ಖರ್ಚು. ಆಂಬುಲೆನ್ಸು, ಎರಡು ಬೆಂಬಲ ವಾಹನ, ಮೆಕ್ಯಾನಿಕ್ಕು, ವಿಮೆ, ಅನುಮತಿಯ ಓಡಾಟ ಇವೆಲ್ಲ ಸೇರಿ ಸ್ಥಿರ ವೆಚ್ಚ 1,20,000 ರೂಪಾಯಿ. ಪ್ರತಿ ಸವಾರನಿಂದ ಉಳಿಯುವುದು 1,800. ಹೀಗಾಗಿ 67ನೆಯ ಸವಾರ ಸೇರಿದಾಗ ಲೆಕ್ಕ ಸಮವಾಗುತ್ತದೆ. 60 ಜನರಿದ್ದರೆ 12,000 ರೂಪಾಯಿ ಕೈಯಿಂದ ಹೋಗುತ್ತದೆ. 80 ಜನರಿದ್ದರೆ 24,000 ರೂಪಾಯಿ ಉಳಿಯುತ್ತದೆ.

ಇಲ್ಲಿಗೆ ನಿಂತರೆ ಸರಿ. ಆದರೆ ಉಮೇದಿನಲ್ಲಿ ನೂರು ಜನರನ್ನು ಸೇರಿಸಿಕೊಂಡಾಗ ಏನಾಗುತ್ತದೆ? ಹೊಸದಾಗಿ ಬಂದ ಇಪ್ಪತ್ತು ಜನ ಸಾಮಾನ್ಯವಾಗಿ ಅಭ್ಯಾಸ ಕಡಮೆಯಿರುವವರು. ಹಳಬರು ಮೊದಲೇ ಹೆಸರು ಕೊಟ್ಟಿರುತ್ತಾರೆ. ತಂಡದ ಬಾಲ ಉದ್ದವಾಗುತ್ತದೆ. ಮೂರನೆಯ ವಾಹನ ಬೇಕು, ಇನ್ನೊಬ್ಬ ಮೆಕ್ಯಾನಿಕ್ಕು ಬೇಕು, ಆಂಬುಲೆನ್ಸು ಎರಡಾಗಬೇಕು. ಸ್ಥಿರವೆಂದುಕೊಂಡಿದ್ದ ವೆಚ್ಚ ಒಮ್ಮೆಗೇ 1,70,000ಕ್ಕೆ ಜಿಗಿಯಿತೆಂದುಕೊಳ್ಳಿ. ಆಗ ಆದಾಯ 3,00,000, ಖರ್ಚು 2,90,000, ಉಳಿತಾಯ ಬರೇ 10,000. ಎಂಬತ್ತು ಜನರಿಂದ ಉಳಿದದ್ದಕ್ಕಿಂತ ನೂರು ಜನರಿಂದ ಉಳಿದದ್ದು ಕಡಮೆ! ಮೆಟ್ಟಿಲು ಮೆಟ್ಟಿಲಾಗಿ ಏರುವ ಈ ವೆಚ್ಚದ ಸ್ವಭಾವವನ್ನು ಎರಡನೆಯ ಪಾಳಿ ಆರಂಭಿಸಿದ ಪ್ರತಿಯೊಬ್ಬ ಸಣ್ಣ ಉದ್ಯಮಿಯೂ ಬಲ್ಲನು. ಆದರೂ ಸೈಕಲ್ ಯಾತ್ರೆ ಎಂದೊಡನೆ ಅದೇಕೋ ಮರೆತುಬಿಡುತ್ತಾನೆ.

ಆ ಜಿಗಿತವನ್ನು ತಪ್ಪಿಸಲು ಸಂಘಟಕರು ಎರಡನೆಯ ಆಂಬುಲೆನ್ಸನ್ನು ಕೈಬಿಡುವುದೇ ಈ ವ್ಯವಹಾರದ ನಿಜವಾದ ಅಪಾಯ. ಅಲ್ಲಿ ಉಳಿಯುವ ಹಣ ಕೊನೆಯ ಸವಾರನ ಮೈಮೇಲಿಂದ ಕಿತ್ತದ್ದು.

ಕೆಲವು ವರ್ಷಗಳ ಹಿಂದೆ ನಮ್ಮ ಗೆಳೆಯರ ಗುಂಪು ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ, ಬನ್ನೂರು ಮಾರ್ಗವಾಗಿ ಮೈಸೂರಿಗೆ ಹೋದಾಗ ನಡೆದುದನ್ನು ಇಲ್ಲಿ ಹೇಳಬೇಕು. ಬಿಸಿಲೇರಿದ ಮೇಲೆ ಹಿರಿಯ ಜವಳಿ ವ್ಯಾಪಾರಿಯೊಬ್ಬರ ಸೈಕಲ್ಲಿನ ಚೈನು ಹಲಗೂರಿನಿಂದಾಚೆ ತುಂಡಾಯಿತು. ಎಲ್ಲರ ಹಿಂದೆ ಇರಬೇಕಾಗಿದ್ದ ಬಾಡಿಗೆ ವಾಹನದ ಚಾಲಕನು ಊಟಕ್ಕೆಂದು ಮಳವಳ್ಳಿಗೆ ಮುಂದಾಗಿ ಹೋಗಿಬಿಟ್ಟಿದ್ದನು. ವಾಹನ ಒದಗಿಸಿದವರನ್ನು ಆಮೇಲೆ ಕೇಳಿದಾಗ ಅವರು ತೋರಿಸಿದ್ದು ಕರಾರು ಪತ್ರವನ್ನು: ಅದರಲ್ಲಿ ದಿನದ ಬಾಡಿಗೆ, ಕಿಲೋಮೀಟರಿನ ದರ, ಚಾಲಕನ ಭತ್ಯೆ ಎಲ್ಲವೂ ಇದ್ದುವು, ಕೊನೆಯ ಸವಾರನ ಹಿಂದೆಯೇ ಇರತಕ್ಕದ್ದು ಎಂಬ ಒಂದು ವಾಕ್ಯ ಮಾತ್ರ ಇರಲಿಲ್ಲ. ಅದನ್ನು ಬರೆದುಕೊಂಡಿದ್ದವರು ಸಾಮಾನು ಸಾಗಿಸುವ ಲಾರಿಗೆ ಬರೆಯುವ ಮಾದರಿಯಲ್ಲೇ ಬರೆದಿದ್ದರು. ಹಿರಿಯರು ಸೈಕಲ್ಲು ತಳ್ಳಿಕೊಂಡು ಹಿಂದಿರುಗಿ, ಹಲಗೂರಿನ ಒಂದು ಸೈಕಲ್ ಶಾಪಿನಲ್ಲಿ ಕುಳಿತರು. ಅಂಗಡಿಯಾತ ಗೇರ್ ಸೈಕಲ್ಲನ್ನು ಹೆಚ್ಚು ಕಂಡವನಲ್ಲ. ಆದರೂ ಮೊಳೆಯೊಂದನ್ನೂ ಸುತ್ತಿಗೆಯನ್ನೂ ಹಿಡಿದು, ಮುರಿದ ಕೊಂಡಿಗಳನ್ನು ಕಳಚಿ, ಚೈನನ್ನು ತುಸು ಗಿಡ್ಡಮಾಡಿ ಜೋಡಿಸಿಕೊಟ್ಟನು. ಇಪ್ಪತ್ತು ರೂಪಾಯಿ ತೆಗೆದುಕೊಂಡನು. ಹಿರಿಯರು ಸಂಜೆ ಐದಕ್ಕೆ ಮೈಸೂರು ಮುಟ್ಟಿದರು. ಅಂದಿನ ಇಡೀ ಯಾತ್ರೆಯ ಖರ್ಚಿನಲ್ಲಿ ಪೂರ್ತಿ ಫಲ ಕೊಟ್ಟ ಬಾಬತ್ತು ಆ ಇಪ್ಪತ್ತು ರೂಪಾಯಿಯೇ ಎಂದು ನಾನು ಲೆಕ್ಕ ನೋಡುವಾಗ ಹೇಳಿದೆ. ಅವರು ನಗಲಿಲ್ಲ.

ಬೆಂಬಲವಿಲ್ಲದ ದಾರಿ

ಇದಕ್ಕೆ ತದ್ವಿರುದ್ಧವಾದ ಮತ್ತೊಂದು ಪದ್ಧತಿಯಿದೆ. ಫ್ರಾನ್ಸಿನಲ್ಲಿ 1904ರಲ್ಲಿ ಹುಟ್ಟಿದ ಆಡಾಕ್ಸ್ ಕ್ಲಬ್ ಪಾರಿಸಿಯನ್ ಎಂಬ ಸಂಸ್ಥೆಯ ನಿಯಮಗಳಡಿ ಜಗತ್ತಿನಾದ್ಯಂತ ನಡೆಯುವ ‘ಬ್ರೆವೆ’ ಎಂಬ ದೂರಸವಾರಿಗಳು ಬೆಂಗಳೂರಿನಲ್ಲಿಯೂ ಬೇರೂರಿವೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆಗಳ ಕಾಲಮಿತಿ. ಇದು ಪಂದ್ಯವಲ್ಲ, ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ಒಂದೇ ಗೌರವ. ಒಂದೇ ಋತುವಿನಲ್ಲಿ ಈ ನಾಲ್ಕನ್ನೂ ಮುಗಿಸಿದವನು ‘ಸೂಪರ್ ರಾಂಡನ್ಯೂರ್’ ಎನಿಸಿಕೊಳ್ಳುತ್ತಾನೆ. ನಾಲ್ಕು ವರ್ಷಗಳಿಗೊಮ್ಮೆ ನಡೆಯುವ, 1891ರಷ್ಟು ಹಿಂದೆ ಆರಂಭವಾದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಯಾತ್ರೆಯು ಇವರೆಲ್ಲರ ಕನಸು: 1,200 ಕಿ.ಮೀ., 90 ಗಂಟೆ.

ಇಲ್ಲಿ ಬೆಂಬಲ ವಾಹನವೇ ಇಲ್ಲ. ಪಂಕ್ಚರು ತನ್ನದು, ಹಸಿವು ತನ್ನದು, ರಾತ್ರಿಯ ದೀಪ ತನ್ನದು. ಸಂಘಟಕರ ಖರ್ಚು ಅತ್ಯಲ್ಪವಾದ ಕಾರಣ ಶುಲ್ಕವೂ ಅಲ್ಪ. ಲೆಕ್ಕಪರಿಶೋಧಕನಾದ ನನಗೆ ಬಹಳ ಹಿಡಿಸಿದ ಸಂಗತಿಯೆಂದರೆ, ಸವಾರನು ಆಯಾ ಸ್ಥಳ ದಾಟಿದ್ದಕ್ಕೆ ಪುರಾವೆ ತರಬೇಕು. ಸ್ವಯಂಸೇವಕರು ಕುಳಿತಿದ್ದರೆ ಕಾರ್ಡಿಗೆ ಮೊಹರು ಹಾಕುತ್ತಾರೆ. ಇಲ್ಲದ ಕಡೆ ಎ.ಟಿ.ಎಂ. ಚೀಟಿಯೋ ಪೆಟ್ರೋಲ್ ಬಂಕಿನ ಬಿಲ್ಲೋ ಸಾಕು, ಅದರ ಮೇಲೆ ಊರು, ದಿನಾಂಕ, ಸಮಯ ಮುದ್ರಿತವಾಗಿರುತ್ತದಲ್ಲ! ವೋಚರು ಇಟ್ಟುಕೊಳ್ಳಿ ಎಂದು ಮೂವತ್ತು ವರ್ಷಗಳಿಂದ ಗಿರಾಕಿಗಳಿಗೆ ಹೇಳುತ್ತಾ ಬಂದಿರುವ ನನಗೆ, ನಡುರಾತ್ರಿಯಲ್ಲಿ ಬೆವರಿಳಿಸಿಕೊಂಡು ಎ.ಟಿ.ಎಂ. ಮುಂದೆ ನೂರು ರೂಪಾಯಿ ತೆಗೆದು ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಭದ್ರಪಡಿಸುವ ಸವಾರರನ್ನು ಕಂಡಾಗ ಮನಸ್ಸು ತುಂಬಿಬರುತ್ತದೆ.

ಹಾಗೆಂದು ಬಡಾವಣೆಯ ಹೊಸ ಸವಾರರಿಗೆ ಬ್ರೆವೆ ಮಾದರಿ ಸಲ್ಲುವುದಿಲ್ಲ. ನೂರು ಕಿಲೋಮೀಟರು ತುಳಿಯದವನನ್ನು ಸ್ವಾವಲಂಬನೆಯ ಹೆಸರಿನಲ್ಲಿ ರಸ್ತೆಗೆ ಬಿಡುವುದು ಮಿತವ್ಯಯವಲ್ಲ. ನನ್ನ ಅಭಿಪ್ರಾಯದಲ್ಲಿ, ಮೊದಲ ಸಲ ಯಾತ್ರೆ ಏರ್ಪಡಿಸುವವರು ಬೆಂಬಲವನ್ನು ಪೂರ್ಣವಾಗಿ ಕೊಡಬೇಕು, ಸಂಖ್ಯೆಯನ್ನು ಐವತ್ತರೊಳಗೆ ಇಡಬೇಕು, ನಷ್ಟವಾದರೆ ಶುಲ್ಕವನ್ನು ಏರಿಸಬೇಕೇ ಹೊರತು ಜನರನ್ನಲ್ಲ. ನಿಧಾನದವರನ್ನು ಒಂದು ಗಂಟೆ ಮೊದಲೇ ಹೊರಡಿಸಿದರೆ ಮೇಲಿನ ಉದಾಹರಣೆಯ 56 ಕಿ.ಮೀ. ಅಂತರವು 41ಕ್ಕೆ ಇಳಿಯುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಮಾರ್ಗದ ಆಯ್ಕೆಯಲ್ಲಿ ಈಗ ಒಂದು ಬದಲಾವಣೆಯಾಗಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೂ ಎಂಜಿನ್ ಇಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಸೈಕಲ್ಲು ಸರ್ವೀಸ್ ರಸ್ತೆಯನ್ನೇ ಹಿಡಿಯಬೇಕು. ಅಲ್ಲಿ ಎದುರುಗಡೆಯಿಂದ ಬರುವ ಬೈಕುಗಳು, ಬಸ್ಸುಗಳು, ಹಸುಗಳು ಎಲ್ಲವೂ ಇರುತ್ತವೆ. ಮದ್ದೂರು ವಡೆಯ ಆಸೆ ಬಿಡಲಾರದವರು ಆ ದಾರಿಯಲ್ಲೇ ಹೋಗುತ್ತಾರೆ. ಉಳಿದವರಿಗೆ ಕನಕಪುರ-ಮಳವಳ್ಳಿ ಮಾರ್ಗವೇ ಮೇಲು. ಇನ್ನು ಮೈಸೂರಿನಿಂದ ಊಟಿಯತ್ತ ಹೋಗುವವರು ಬಂಡೀಪುರದಲ್ಲಿ 2009ರಿಂದ ಜಾರಿಯಲ್ಲಿರುವ ರಾತ್ರಿ 9ರಿಂದ ಬೆಳಗಿನ 6ರವರೆಗಿನ ಸಂಚಾರ ನಿಷೇಧವನ್ನು ವೇಳಾಪಟ್ಟಿ ಬರೆಯುವ ಮುನ್ನವೇ ನೆನಪಿಟ್ಟುಕೊಳ್ಳತಕ್ಕದ್ದು. ಪೊಲೀಸ್ ಮತ್ತು ಅರಣ್ಯ ಇಲಾಖೆಗಳಿಗೆ ಪತ್ರ ಬರೆಯುವ ಕೆಲಸವನ್ನು ಎರಡು ತಿಂಗಳು ಮೊದಲೇ ಆರಂಭಿಸುವುದು ಒಳ್ಳೆಯದು.

ನಮ್ಮ ಬಡಾವಣೆಗಳೊಳಗಿನ ರಸ್ತೆಯ ಬಗ್ಗೆ ಎಷ್ಟು ಕಡಮೆ ಹೇಳಿದರೆ ಅಷ್ಟು ಲೇಸು. ಜಯನಗರದಲ್ಲಿ 2012ರಲ್ಲಿ ಬಣ್ಣ ಬಳಿದು ಗುರುತಿಸಿದ ಸೈಕಲ್ ಪಥಗಳು ಬೇಗನೆ ಕಾರು ನಿಲ್ಲಿಸುವ ಜಾಗಗಳಾದುವು. ಅವುಗಳಲ್ಲಿ ನಮ್ಮ ಗಿರಾಕಿಗಳ ಕಾರುಗಳೂ ಇದ್ದುವೆಂಬುದನ್ನು ಅಂಗಡಿಯವರಾದ ನಾವು ಒಪ್ಪಿಕೊಳ್ಳಬೇಕು.

ಪ್ರಾಯೋಜಕರು ಗಮನಿಸಬೇಕಾದುದು

ಈಗ ಮೊದಲ ಪ್ರಶ್ನೆಗೆ ಬರೋಣ. ಪ್ರಾಯೋಜಕತ್ವದ ಹಣಕ್ಕೆ ಪ್ರತಿಯಾಗಿ ಜರ್ಸಿಯ ಮೇಲೋ ಫಲಕದ ಮೇಲೋ ನಿಮ್ಮ ಸಂಸ್ಥೆಯ ಹೆಸರು ಬಂದರೆ ಅದು ಜಾಹೀರಾತಿನ ಖರ್ಚು. ವ್ಯವಹಾರದ ವೆಚ್ಚವಾಗಿ ತೋರಿಸಲು ಅಡ್ಡಿಯಿಲ್ಲ. ಕರಾರು, ಬಿಲ್ಲು, ಹೆಸರು ಅಚ್ಚಾದ ಜರ್ಸಿಯ ಛಾಯಾಚಿತ್ರ ಈ ಮೂರನ್ನೂ ಕಡತದಲ್ಲಿಡಿ. ಪ್ರತಿಫಲವಿಲ್ಲದೆ ಕೊಟ್ಟರೆ ಅದು ದಾನ. ಸಂಸ್ಥೆಗೆ ತೆರಿಗೆ ವಿನಾಯಿತಿಯ ಮಾನ್ಯತೆ ಇದ್ದರಷ್ಟೇ ಕಡಿತ ದೊರೆಯುತ್ತದೆ, 2,000 ರೂಪಾಯಿ ಮೀರಿದ ನಗದು ದಾನಕ್ಕೆ ದೊರೆಯುವುದಿಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ವ್ಯಕ್ತಿಗಳಿಗೆ ಈ ಕಡಿತವೇ ಇಲ್ಲ. ಒಂದೇ ಹಣವನ್ನು ಜಾಹೀರಾತೂ ಹೌದು, ದಾನವೂ ಹೌದು ಎಂದು ತೋರಿಸಲು ಬಾರದು.

ಕಂಪೆನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯಿಂದ ಕೊಡಬಹುದೇ ಎಂದು ಕೆಲವರು ಕೇಳುತ್ತಾರೆ. ಮ್ಯಾರಥಾನ್‌ನಂತಹ ಒಂದು ಸಲದ ಕಾರ್ಯಕ್ರಮಗಳ ವೆಚ್ಚ ಈ ಲೆಕ್ಕಕ್ಕೆ ಬಾರದು ಎಂದು ಕಂಪೆನಿ ವ್ಯವಹಾರಗಳ ಸಚಿವಾಲಯವು 2014ರ ಜೂನ್‌ನ ಸುತ್ತೋಲೆಯಲ್ಲಿಯೇ ಸ್ಪಷ್ಟಪಡಿಸಿದೆ. ಸೈಕಲ್ ಯಾತ್ರೆಗೆ ಬೇರೆ ನ್ಯಾಯವಿರಲಾರದು.

ಹೆಚ್ಚಿನವರು ಎಡವುವುದು ಜಿ.ಎಸ್.ಟಿ.ಯಲ್ಲಿ. ಪ್ರಾಯೋಜಕತ್ವದ ಮೇಲಿನ ತೆರಿಗೆಯನ್ನು ಯಾರು ಕಟ್ಟಬೇಕೆಂಬುದು ಸಂಘಟಕರು ಯಾರೆಂಬುದರ ಮೇಲೆ ನಿಂತಿದೆ. ಸಂಘಟಕರು ಟ್ರಸ್ಟ್ ಆಗಿದ್ದು, ಹಣ ಕೊಡುವವರು ಕಂಪೆನಿಯೋ ಪಾಲುದಾರಿಕೆ ಸಂಸ್ಥೆಯೋ ಆಗಿದ್ದರೆ, ಹಿಮ್ಮುಖ ಪದ್ಧತಿಯಂತೆ ಕೊಡುವವರೇ ತೆರಿಗೆ ಕಟ್ಟಬೇಕು. ಸಂಘಟಕರೇ ಕಂಪೆನಿಯಾಗಿದ್ದರೆ, ಲಾಭರಹಿತ ಕಂಪೆನಿಯೂ ಸೇರಿದಂತೆ, 2025ರ ಜನವರಿ 16ರಿಂದ ಆ ಹೊಣೆ ಸಂಘಟಕರದ್ದಾಗಿದೆ. ಹಳೆಯ ಅಭ್ಯಾಸದಂತೆ ಎರಡೂ ಕಡೆಯವರು ಕಟ್ಟಿದ, ಅಥವಾ ಇಬ್ಬರೂ ಕಟ್ಟದ ಪ್ರಸಂಗಗಳು ಸುಲಭವಾಗಿ ಉಂಟಾಗುತ್ತವೆ. ರಾಷ್ಟ್ರೀಯ ಕ್ರೀಡಾ ಒಕ್ಕೂಟಗಳು ನಡೆಸುವ ಕೆಲವು ಕೂಟಗಳಿಗೆ ವಿನಾಯಿತಿ ಇದ್ದರೂ ಬಡಾವಣೆಯ ಯಾತ್ರೆಗೆ ಅದು ಅನ್ವಯಿಸುವುದಿಲ್ಲ. ಚೆಕ್ಕು ಬರೆಯುವ ಮುನ್ನ ಎದುರಿಗಿರುವವರ ನೋಂದಣಿ ಪತ್ರವನ್ನು ಕೇಳಿ ನೋಡುವುದರಲ್ಲಿ ಸಂಕೋಚ ಬೇಡ.

ಯಾವ ಕಾನೂನುಬದ್ಧ ರೂಪವೂ ಇಲ್ಲದೆ, ಗೆಳೆಯರೊಬ್ಬರ ಉಳಿತಾಯ ಖಾತೆಗೆ ಶುಲ್ಕ ಕೂಡಿಸಿಕೊಂಡು ನಡೆಸುವ ಯಾತ್ರೆಗಳೂ ಬಹಳ. ಹತ್ತು ಜನರ ಪಿಕ್‌ನಿಕ್ಕಿಗೆ ಅದು ಸಾಕು. ಅರವತ್ತು ಜನರ ಹಣ ಒಬ್ಬನ ಖಾತೆಗೆ ಬಂದರೆ, ತೆರಿಗೆ ಇಲಾಖೆಗೆ ಉತ್ತರಿಸುವವನೂ ಅವನೇ, ಅಪಘಾತವಾದರೆ ಪೊಲೀಸರಿಗೆ ಸಿಗುವ ಹೆಸರೂ ಅವನದೇ. “ನನ್ನ ಜವಾಬ್ದಾರಿಯ ಮೇಲೆ ಬರುತ್ತಿದ್ದೇನೆ” ಎಂದು ಸವಾರರಿಂದ ಸಹಿ ಹಾಕಿಸಿಕೊಳ್ಳುವ ಕಾಗದವು ಸಂಘಟಕನ ನಿರ್ಲಕ್ಷ್ಯಕ್ಕೆ ಪೂರ್ಣ ರಕ್ಷಣೆಯೆಂದು ಭಾವಿಸಲಾಗದು. ಸವಾರರಿಗೆ ವೈಯಕ್ತಿಕ ಅಪಘಾತ ವಿಮೆ, ಸಂಘಟಕರಿಗೆ ಸಾರ್ವಜನಿಕ ಹೊಣೆಗಾರಿಕೆ ವಿಮೆ, ಈ ಎರಡೂ ಇಲ್ಲದ ಯಾತ್ರೆಗೆ ನಾನು ನನ್ನ ಗಿರಾಕಿಗಳಿಗೆ ಹಣ ಕೊಡಬೇಡಿರೆಂದೇ ಹೇಳುತ್ತೇನೆ. ವಿಮಾ ಪತ್ರದಲ್ಲಿ ಸವಾರರ ಸಂಖ್ಯೆ ಎಷ್ಟಿದೆ, ನಿಜವಾಗಿ ಹೊರಟವರು ಎಷ್ಟು ಎಂಬುದನ್ನೂ ತಾಳೆ ನೋಡಬೇಕು.

ಸಣ್ಣ ತಯಾರಕರಿಗೆ ದಕ್ಕುವುದೇನು

ಸೈಕಲ್ಲು ತಯಾರಿಕೆ ಲೂಧಿಯಾನದ ಕಡೆಯ ಉದ್ಯಮ. ಬೆಲೆಬಾಳುವ ಗೇರ್ ಸೈಕಲ್ಲುಗಳ ಬಿಡಿಭಾಗಗಳು ಬಹುಪಾಲು ಹೊರದೇಶದವು. ಸೈಕಲ್ಲುಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡ 12ರಿಂದ 5ಕ್ಕೆ ಇಳಿದಿರುವುದು ನಮ್ಮ ಅಂಗಡಿಗಳಿಗೆ ಸಮಾಧಾನ ತಂದಿದೆ. ಆದರೆ ಯಾತ್ರೆಗಳಿಂದ ಸ್ಥಳೀಯವಾಗಿ ಹುಟ್ಟುವ ಕೆಲಸ ಬೇರೆ ಬಗೆಯದು. ಅಳತೆ ಅಳತೆಗೆ ಹೊಲಿದ ಎಪ್ಪತ್ತು ಜರ್ಸಿ, ಹೆಸರು ಕೆತ್ತಿದ ಎಪ್ಪತ್ತು ಪದಕ, ಮಳೆಗೆ ಹರಿಯದ ಸಂಖ್ಯಾಫಲಕ, ದಾರಿಯಲ್ಲಿ ಹಂಚಲು ಕಡಲೆಮಿಠಾಯಿ. ದೊಡ್ಡ ಗಾರ್ಮೆಂಟ್ ಘಟಕಗಳು ಎಪ್ಪತ್ತರ ಆರ್ಡರನ್ನು ಮುಟ್ಟುವುದಿಲ್ಲ. ಹತ್ತು ಹೊಲಿಗೆ ಯಂತ್ರಗಳ ಘಟಕಕ್ಕೆ ಅದು ಒಂದು ವಾರದ ಕೆಲಸ, ಮುಂದಿನ ವರ್ಷವೂ ಬರುವ ಕೆಲಸ.

ಒಂದು ಎಚ್ಚರಿಕೆ ಅಗತ್ಯ. ಯಾತ್ರೆ ಮುಗಿದ ಮರುದಿನದಿಂದ ಸಂಘಟಕರು ಚದುರಿಹೋಗುತ್ತಾರೆ, ಬಾಕಿ ಉಳಿಯುತ್ತದೆ. ಆದ್ದರಿಂದ ಅರ್ಧ ಹಣವನ್ನು ಮುಂಗಡವಾಗಿಯೂ ಉಳಿದುದನ್ನು ಮಾಲು ಒಪ್ಪಿಸುವಾಗಲೂ ಪಡೆಯುವುದು ರೂಢಿಯಾಗಬೇಕು. ಸಾಲದ ಮೇಲೆ ಕೊಡಲೇಬೇಕಾಗಿ ಬಂದರೆ, 2006ರ ಎಂ.ಎಸ್.ಎಂ.ಇ. ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ ಲಿಖಿತ ಕರಾರಿದ್ದಲ್ಲಿ ಹೆಚ್ಚೆಂದರೆ 45 ದಿನಗಳೊಳಗೆ, ಇಲ್ಲದಿದ್ದಲ್ಲಿ 15 ದಿನಗಳೊಳಗೆ ಹಣ ಸಲ್ಲಬೇಕು; ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೇವಲ ಕೊಂಡು ಮಾರುವ ವ್ಯಾಪಾರಿಗಳಿಗೆ ಈ ರಕ್ಷಣೆ ಇಲ್ಲ, ತಯಾರಕರಿಗೆ ಉಂಟು. ಉದ್ಯಮ್ ನೋಂದಣಿ ಸಂಖ್ಯೆಯನ್ನು ಕೊಟೇಷನ್ನಿನ ಮೇಲೂ ಬಿಲ್ಲಿನ ಮೇಲೂ ಅಚ್ಚುಹಾಕಿಸಿಕೊಳ್ಳಿ. ಡಿಸೆಂಬರ್-ಜನವರಿಯ ಯಾತ್ರೆಗಳಿಗೆ ಜರ್ಸಿಯ ವಿಚಾರಣೆಗಳು ದಸರಾ ಕಳೆದೊಡನೆಯೇ ಬರತೊಡಗುತ್ತವೆ.